ನಮ್ಮೂರ ಜ್ವರದ ಪುಸ್ತಕ: ಈಗ ಮೆಡಿಕಲ್ ಶಾಪೂ ಸೇರಿತು

ಈ ಸಲದ ದೊಡ್ಡ ಸುದ್ದಿ, ಊರಿನ ಮೆಡಿಕಲ್ ಶಾಪ್‌ನವರು ಊರಲ್ಲಿ ಬಂದ ಜ್ವರವನ್ನೆಲ್ಲ ಬರೆದಿಡುವ ನಮ್ಮ ಜ್ವರದ ಪುಸ್ತಕಕ್ಕೆ ಕೈಜೋಡಿಸಿದ್ದಾರೆ. ಇಲ್ಲಿಯವರೆಗೆ ಆಶಾ ಅಕ್ಕ ಮನೆಮನೆ ತಿರುಗಿದಾಗ ಕಂಡ ಜ್ವರ ಮಾತ್ರ ಬರೆಯುತ್ತಿದ್ದೆವು. ಆದರೆ ಸಿಂಧನೂರು ತಾಲ್ಲೂಕಿನ ನಮ್ಮಂಥ ಊರಲ್ಲಿ ಜ್ವರ ಬಂದವರು ಮೊದಲು ಹೋಗುವುದು ಆರ್‌ಎಂಪಿ ಡಾಕ್ಟರ (ಡಾಕ್ಟರ್ ಡಿಗ್ರಿ ಇಲ್ಲದೆ ಹಳ್ಳಿಯಲ್ಲಿ ಔಷಧಿ ಕೊಡುವವರು) ಹತ್ತಿರ, ಇಲ್ಲವೇ ಮೆಡಿಕಲ್‌ಗೆ. ಒಂದು ಸೂಜಿ, ನಾಲ್ಕು ಗುಳಿಗೆ, ಮರುದಿನ ಮತ್ತೆ ಗದ್ದೆ ಕೂಲಿ. ಆ ಜ್ವರ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಈಗ ಅಂಗಡಿಯಲ್ಲಿ ಓಣಿ, ವಯಸ್ಸು, ಮೈಮೇಲೆ ಗಂದೆ ಇದೆಯಾ, ಕೀಲು ನೋವಾ, ಇಷ್ಟು ಬರೆದುಕೊಳ್ಳುತ್ತಾರೆ. ಹೆಸರು ಬೇಡ ಅಂತ ಮೊದಲೇ ಮಾತಾಗಿದೆ.

"ಬರೀ ಜ್ವರ ಅದ, ಅದನ್ನೇನ್ ಬರಕೊಳ್ತೀರಿ ಸರ್?" ಅಂತ ಜನ ಕೇಳುತ್ತಾರೆ. ಪಕ್ಕದ ಮಾನ್ವಿ ತಾಲ್ಲೂಕಿನ ವಿಷಯ ಹೇಳುತ್ತೇನೆ. 2022ರ ಡಿಸೆಂಬರ್‌ನಲ್ಲಿ ಸೊಳ್ಳೆಯಿಂದ ಹರಡುವ ಝೀಕಾ ವೈರಸ್‌ನ ರಾಜ್ಯದ ಮೊದಲ ಪ್ರಕರಣ ಸಿಕ್ಕಿದ್ದು ಅಲ್ಲೇ. ಡೆಂಗಿ, ಚಿಕುನ್‌ಗುನ್ಯಾ ಇರಬಹುದು ಅಂತ ರಕ್ತ ಪರೀಕ್ಷೆ ನಡೆದಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಮಾದರಿ ಹೋಗದಿದ್ದರೆ ಅದೂ ಬರೀ ಜ್ವರವಾಗಿಯೇ ಉಳಿಯುತ್ತಿತ್ತು, ಅಲ್ವಾ?

ಮರುವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಝೀಕಾ ಸಿಕ್ಕಿದ್ದು ಸೊಳ್ಳೆಗಳಲ್ಲಿ. ಅದನ್ನು ಓದಿದ ಮೇಲೆ ನಮ್ಮ ಹೈಸ್ಕೂಲ್ ಮಕ್ಕಳ ಜೊತೆ ತತ್ತಿ ಡಬ್ಬ ಶುರು ಮಾಡಿದೆ. ವೈರಸ್ ಪತ್ತೆ ಲ್ಯಾಬ್‌ನ ಕೆಲಸ. ಸೊಳ್ಳೆ ಎಲ್ಲಿ ಜಾಸ್ತಿ ಅಂತ ನಾವು ಹೇಳಬಹುದು. ಕಪ್ಪು ಡಬ್ಬ, ಅರ್ಧ ನೀರು, ಒಳಗೆ ಸುತ್ತಲೂ ಬಿಳಿ ಬಟ್ಟೆಯ ಪಟ್ಟಿ. ಡೆಂಗಿ, ಝೀಕಾ ಹರಡುವ ಈಡಿಸ್ ಸೊಳ್ಳೆ ನೀರಿಗಿಂತ ಸ್ವಲ್ಪ ಮೇಲೆ, ಒದ್ದೆ ಬಟ್ಟೆಯ ಮೇಲೆ ತತ್ತಿ ಇಡುತ್ತದೆ. ಶನಿವಾರ ಭೂತಗನ್ನಡಿ ಹಿಡಿದು ಎಣಿಸುತ್ತೇವೆ. ವಾರ ದಾಟಿಸುವ ಹಾಗಿಲ್ಲ, ಒಂದು ವಾರ ಹತ್ತು ದಿನದಲ್ಲಿ ತತ್ತಿ ಸೊಳ್ಳೆಯಾಗಿ ಹಾರಿಬಿಡುತ್ತದೆ. ಎಣಿಸಿದ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಲೇಬೇಕು. ಒಣಗಿದರೂ ಆ ತತ್ತಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.

ಇಷ್ಟರಲ್ಲಿ ಒಂದು ವಿಷಯ ಎದ್ದು ಕಾಣುತ್ತಿದೆ. ಮಳೆ ಬಿದ್ದ ವಾರಕ್ಕಿಂತ ನಳದ ನೀರು ತಡವಾದ ವಾರ ತತ್ತಿ ಜಾಸ್ತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತಾಗ ಕುಡಿಯುವ ನೀರನ್ನು ಅಳೆದು ಬಿಡುತ್ತಾರೆ. ಆಗ ಪ್ರತಿ ಅಂಗಳದಲ್ಲೂ ಡ್ರಮ್, ತೊಟ್ಟಿ ತುಂಬಿ ನಿಲ್ಲುತ್ತವೆ, ಮುಚ್ಚಳ ಇರುವುದಿಲ್ಲ. ಭತ್ತದ ಗದ್ದೆಯ ಸೊಳ್ಳೆ ಬೇರೆ, ಅದು ಮೆದುಳು ಜ್ವರ ತರುವಂಥದ್ದು. ಡೆಂಗಿ, ಝೀಕಾ ಹರಡುವುದು ಈ ಡ್ರಮ್ಮಿನ ಸೊಳ್ಳೆಯೇ.

ಒಂದೇ ಓಣಿಯಲ್ಲಿ ಒಂದೇ ವಾರ ಮೂರು ಮನೆಗೆ ಜ್ವರ ಬಂದರೆ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಫೋನ್ ಮಾಡುವುದು ಅಂತ ನಿಯಮ ಮಾಡಿಕೊಂಡಿದ್ದೇವೆ. ಇನ್ನು ಆರ್‌ಎಂಪಿ ಡಾಕ್ಟರನ್ನು ಒಪ್ಪಿಸಬೇಕು. ಬರೆದುಕೊಟ್ಟರೆ ತಮ್ಮ ಮೇಲೇ ಬರುತ್ತದೆ ಅಂತ ಅವರಿಗೆ ಭಯ. ಭಾನುವಾರ ಆಶಾ ಅಕ್ಕನನ್ನೂ ಕರೆದುಕೊಂಡು ಅವರ ಮನೆಗೆ ಹೋಗುತ್ತಿದ್ದೇನೆ.