ನಿಂತ ಆಟ, ನಿಲ್ಲದ ಸ್ವರ

ಆ ರಾತ್ರಿ ನಾನು ಗೇಮ್ ಆಡಿದ್ದು ಹತ್ತೇ ನಿಮಿಷ. ಉಳಿದ ಹೊತ್ತೆಲ್ಲ ಸುಮ್ನೆ ಕೂತು ಕೇಳಿದ್ದು.

ಹಳೇ ಕಾರ್ಟ್ರಿಜ್ ಗೇಮ್ ಅದು, ಟಿವಿಗೆ ಜೋಡಿಸಿದ ಕನ್ಸೋಲ್‌ಗೆ ಸಿಕ್ಕಿಸುವ ಡಬ್ಬಿಯಂಥದ್ದು. ಆಡುತ್ತಿರುವಾಗ ಕೈ ತಾಗಿ ಕಾರ್ಟ್ರಿಜ್ ಒಂಚೂರು ಅಲುಗಾಡಿತು. ಜಿಗಿಯುತ್ತಿದ್ದ ಹೀರೋ ಗಾಳಿಯಲ್ಲೇ ನಿಂತುಬಿಟ್ಟ. ಯಾವ ಬಟನ್ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಆದರೆ ಸದ್ದು ಹೋಗಲಿಲ್ಲ. ಹಾಡಿನ ಒಂದೇ ಸ್ವರ ಪೀ... ಅಂತ ಎಳೆಯುತ್ತಲೇ ಇತ್ತು.

ಆಫ್ ಮಾಡೋಣ ಅಂತ ಕೈ ಚಾಚಿದೆ. ಅಷ್ಟರಲ್ಲಿ ಆ ಸ್ವರದೊಳಗೆ ಏನೋ ಅಲೆಯಂತೆ ಏಳುತ್ತಾ ಬೀಳುತ್ತಾ ಇರುವುದು ಕೇಳಿಸಿತು. ವೊಂ... ವೊಂ... ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಸಲ. ಟಿವಿಗೆ ಕಿವಿ ಹಚ್ಚಿದೆ. ಅದು ಒಂದು ಸ್ವರ ಅಲ್ಲ, ಎರಡು! ಒಂದಕ್ಕೊಂದು ಕೂದಲೆಳೆಯಷ್ಟು ಶ್ರುತಿ ತಪ್ಪಿದ್ದವು, ಅದಕ್ಕೇ ಈ ಅಲೆ.

ಈ ಹಳೇ ಕನ್ಸೋಲ್‌ಗಳಲ್ಲಿ ಸೌಂಡ್ ಚಿಪ್‌ಗೆ ತನ್ನದೇ ಬುದ್ಧಿ ಇರುವುದಿಲ್ಲ. ಯಾವ ಸ್ವರ, ಎಷ್ಟು ಜೋರು ಅಂತ ಮುಖ್ಯ ಪ್ರೊಸೆಸರ್ ಸೆಕೆಂಡಿಗೆ 50 ಅಥವಾ 60 ಸಲ ಹೇಳುತ್ತಿರುತ್ತದೆ. ಪ್ರೊಸೆಸರ್ ಹ್ಯಾಂಗ್ ಆದರೆ ‘ಸಾಕು’ ಅನ್ನುವವರೇ ಇಲ್ಲ. ಪಾಪ, ಚಿಪ್ ಕೊನೆಗೆ ಹೇಳಿದ್ದನ್ನೇ ಮಾಡುತ್ತಾ ಕೂರುತ್ತದೆ. ಸೂಪರ್ ನಿಂಟೆಂಡೊ ಅನ್ನುವ ಕನ್ಸೋಲ್‌ನಲ್ಲಿ ಹೀಗಲ್ಲ. ಅದರಲ್ಲಿ ಸದ್ದಿಗೇ ಬೇರೆ ಪ್ರೊಸೆಸರ್, 64 ಕಿಲೋಬೈಟ್ ಸ್ವಂತ ಮೆಮೊರಿ. ಹಾಗಾಗಿ ಚಿತ್ರ ಹೆಪ್ಪುಗಟ್ಟಿದರೂ ಹಾಡು ಪೂರ್ತಿ ಓಡುತ್ತಿರಬಹುದು. ಕಂಪ್ಯೂಟರ್ ಹ್ಯಾಂಗ್ ಆದಾಗ ಬರುವ ಆ ಗರ್‌ರ್‌ರ್ ಇನ್ನೊಂದು ಕಥೆ. ಬಫರ್‌ನಲ್ಲಿ, ಅಂದರೆ ನುಡಿಸುವ ಮೊದಲು ಸದ್ದನ್ನು ಕೂಡಿಡುವ ಜಾಗದಲ್ಲಿ, ಉಳಿದ ಸದ್ದಿನ ಚೂರು ಸುತ್ತಿ ಸುತ್ತಿ ಬರುವುದು ಅದು. ನಂಗೆ ಅದು ಅಷ್ಟು ಹಿಡಿಸುವುದಿಲ್ಲ.

ಶ್ರುತಿ ತಪ್ಪಿದ್ದು ಮಾತ್ರ ಗ್ಲಿಚ್ ಅಲ್ಲವೇ ಅಲ್ಲ. ಚಿಪ್‌ನಲ್ಲಿ ಇರುವುದು ನಾಲ್ಕೈದು ಚಾನೆಲ್, ಅಂದರೆ ಒಟ್ಟಿಗೆ ನಾಲ್ಕೈದೇ ಸದ್ದು. ಅದರಲ್ಲೇ ಸದ್ದು ತುಂಬಿಕೊಂಡು ಬರಲಿ ಅಂತ ಸಂಗೀತ ಮಾಡುವವರು ಎರಡು ಚಾನೆಲ್‌ಗೆ ಒಂದೇ ರಾಗ ಕೊಟ್ಟು, ಒಂದನ್ನು ಬೇಕೆಂದೇ ತುಸು ಸರಿಸುತ್ತಿದ್ದರು. ಎಷ್ಟು ವರ್ಷ ಆ ಹಾಡು ಗುನುಗಿದ್ದೇನೆ, ಇದು ಕಿವಿಗೆ ಬಿದ್ದೇ ಇರಲಿಲ್ಲ. ಹೇಗೆ ಬೀಳಬೇಕು ಹೇಳಿ? ಕಣ್ಣು ಮಿಟುಕಿಸುವಷ್ಟರಲ್ಲಿ ಆ ಸ್ವರ ಮುಗಿದು ಹೋಗುತ್ತಿತ್ತು.

ಇನ್ನೊಂದು ಸಲ ಆನ್ ಮಾಡಿದಾಗ ಕಾರ್ಟ್ರಿಜ್ ಇನ್ನೂ ಸರಿಯಾಗಿ ಕೂತಿರಲಿಲ್ಲ. ಪರಿಚಯದ ಹಾಡೇ, ಆದರೆ ನಡುನಡುವೆ ಎಲ್ಲಿಂದಲೋ ಬಂದ ಸ್ವರಗಳು. ತಾಳ ಇರಬೇಕಾದ ಕಡೆ ಮಳೆಯಂತೆ ಶ್ಶ್... ಚಿಪ್ ತನಗೆ ಸಿಕ್ಕಿದ ತಪ್ಪು ಸಂಖ್ಯೆಗಳನ್ನೇ ಶ್ರದ್ಧೆಯಿಂದ ನುಡಿಸುತ್ತಿತ್ತು. ಫೋನ್ ತೆಗೆದು ರೆಕಾರ್ಡ್ ಮಾಡಿಕೊಳ್ಳುವಷ್ಟರಲ್ಲಿ ಅದೂ ನಿಂತಿತು.

ಕೊನೆಗೆ ಕಾರ್ಟ್ರಿಜ್ ಸರಿಯಾಗಿ ಕೂರಿಸಿ ಮೊದಲಿಂದ ಶುರು ಮಾಡಿದೆ. ಆ ಜಿಗಿತದ ಜಾಗ ಬರುವವರೆಗೂ ಕಾದೆ. ಸ್ವರ ಬಂತು, ಹೋಯ್ತು. ಅಷ್ಟರಲ್ಲೇ ಅರ್ಧ ವೊಂ ಕೇಳಿಸಿತು.