ಹಬೆ ಸಾಯುವುದು ದಾರಿಯಲ್ಲಿ

ಕುಚ್ಚಲಕ್ಕಿ ಮಾಡುವ ಗಿರಣಿಗಳಿಗೆ ಹಬೆಯ ಪೈಪ್ ಹಾಕಿಸುವುದು ನನ್ನ ಕೆಲಸ. ಅಂಗಳದ ಒಂದು ಮೂಲೆಯಲ್ಲಿ ಬಾಯ್ಲರ್, ಇನ್ನೊಂದು ಮೂಲೆಯಲ್ಲಿ ಭತ್ತ ಬೇಯಿಸುವ ತೊಟ್ಟಿಗಳು. ನಡುವಿನ ದಾರಿ ನನ್ನದು. ಹೊಸದರಲ್ಲಿ ಆ ದಾರಿಯ ಬಗ್ಗೆ ನನಗೆ ಗೌರವವಿರಲಿಲ್ಲ. ಒಳ್ಳೆಯ ಬಾಯ್ಲರ್ ಕೂರಿಸಿದರೆ ಮುಗಿಯಿತು ಎಂದುಕೊಂಡಿದ್ದೆ.

ತೀರ್ಥಹಳ್ಳಿ ಕಡೆಯ ಒಂದು ಗಿರಣಿಯಲ್ಲಿ ಲಾರಿಗಳ ಓಡಾಟಕ್ಕೆ ಅಡ್ಡವಾಗಬಾರದೆಂದು 60 ಮೀಟರ್ ಪೈಪನ್ನು ನೆಲದೊಳಗೆ, ಕಲ್ಲು ಕಟ್ಟಿದ ಕಾಲುವೆಯಲ್ಲಿ ಹಾಕಿಸಿದೆ. ಬೇಸಿಗೆ ಸುಸೂತ್ರವಾಗಿ ಕಳೆಯಿತು. ಜುಲೈನಲ್ಲಿ ಮಳೆ ಹಿಡಿದ ಮೇಲೆ ಒಲೆಗೆ ಎಷ್ಟು ಹೊಟ್ಟು ಸುರಿದರೂ ಭತ್ತ ಅರೆಬೆಂದೇ ಬರುತ್ತಿತ್ತು. ಬೆಂಕಿ ಸರಿಯಾಗಿ ಉರಿಸುತ್ತಿಲ್ಲವೆಂದು ಬಾಯ್ಲರ್ ನೋಡಿಕೊಳ್ಳುವ ಹಿರಿಯರ ಮೇಲೆ ರೇಗಿದೆ.

“ಬೆಂಕಿ ಸರಿಯಾಗಿಯೇ ಇದೆ ಸರ್. ಹಬೆ ದಾರಿಯಲ್ಲೇ ಸಾಯುತ್ತಿದೆ, ಬನ್ನಿ ತೋರಿಸುತ್ತೇನೆ” ಎಂದರು.

ಮಳೆ ಆಗಷ್ಟೇ ಬಿಟ್ಟಿತ್ತು. ಅಂಗಳವೆಲ್ಲ ಕೆಸರು, ಕಾಲುವೆ ಮುಚ್ಚಿದ ಚಪ್ಪಡಿಗಳ ಸಾಲು ಮಾತ್ರ ಒಣಗಿ ಬೆಳ್ಳಗಾಗಿತ್ತು. ಅದರ ಮೇಲೆ ಬೆಕ್ಕೊಂದು ಮೈಚಾಚಿ ಮಲಗಿತ್ತು. ಚಪ್ಪಡಿ ಎತ್ತಿಸಿದೆವು. ಮೊಣಕಾಲುದ್ದ ನೀರು, ಮುಟ್ಟಲಾಗದಷ್ಟು ಬಿಸಿ. ಪೈಪಿಗೆ ಸುತ್ತಿದ ಗ್ಲಾಸ್ ವುಲ್, ಅಂದರೆ ಗಾಜಿನ ಎಳೆಗಳ ಹೊದಿಕೆ, ನೆನೆದ ಕಂಬಳಿಯಂತೆ ಜೋತುಬಿದ್ದಿತ್ತು. ಆ ಹೊದಿಕೆ ಶಾಖವನ್ನು ತಡೆಯುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಗಾಳಿಯ ಜಾಗಕ್ಕೆ ನೀರು ಹೊಕ್ಕರೆ, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖವನ್ನು ದಾಟಿಸಿಬಿಡುತ್ತದೆ. ಪುಸ್ತಕದಲ್ಲಿ ಓದಿದ್ದೆ. ಮಲೆನಾಡಿನಲ್ಲಿ ಹುಟ್ಟಿಯೂ ಮಳೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬರ್ಡ್‌ಸಿಲ್ ಹಾಲಿ ಎಂಬ ಎಂಜಿನಿಯರ್ ನನ್ನ ಪಾಲಿಗೆ ಗುರುವಾದದ್ದು ಆ ಮಳೆಗಾಲದಲ್ಲಿ. ಅಮೆರಿಕದ ಲಾಕ್‌ಪೋರ್ಟ್ ಎಂಬ ಊರಿನವರು. ಪಂಪುಗಳನ್ನು ಮಾಡಿ, ಊರಿಗೆ ಪೈಪಿನಲ್ಲಿ ನೀರು ಹರಿಸಿ ಹೆಸರಾದವರು. ನೀರು ಮನೆಮನೆಗೆ ಹೋಗುವುದಾದರೆ, ಮನೆ ಬೆಚ್ಚಗಿಡಲು ಹಬೆ ಯಾಕೆ ಹೋಗಬಾರದು ಎಂದು ಕೇಳಿಕೊಂಡರು. 1876ರಲ್ಲಿ ತಮ್ಮ ಮನೆಯಲ್ಲೇ ಬಾಯ್ಲರ್ ಇಟ್ಟು, ತೋಟದಲ್ಲಿ ಪೈಪ್ ಹೂತು ಪರೀಕ್ಷಿಸಿದರು. ಮರುವರ್ಷ ಊರಿನ ಮನೆಗಳಿಗೆ ಹಬೆ ಹರಿಯಿತು. ನ್ಯೂಯಾರ್ಕಿನಲ್ಲಿ 1882ರಲ್ಲಿ ಶುರುವಾದ ಹಬೆಯ ಜಾಲ ಇಂದಿಗೂ ಕಟ್ಟಡಗಳನ್ನು ಬೆಚ್ಚಗಿಡುತ್ತಿದೆ. ಬಾಯ್ಲರ್ ಹಾಲಿಯವರಿಗಿಂತ ಮೊದಲೇ ಇತ್ತು. ಅವರು ತಲೆ ಕೆಡಿಸಿಕೊಂಡದ್ದು ಪೈಪಿಗೆ ಏನು ಸುತ್ತಬೇಕು, ಕಾದಾಗ ಹಿಗ್ಗುವ ಕಬ್ಬಿಣಕ್ಕೆ ಜಾಗ ಹೇಗೆ ಬಿಡಬೇಕು ಎಂಬುದರ ಬಗ್ಗೆ. ನಾನು ಕಡೆಗಣಿಸಿದ್ದ ದಾರಿಯಲ್ಲೇ ಆ ಮನುಷ್ಯ ವರ್ಷಗಟ್ಟಲೆ ದುಡಿದಿದ್ದರು.

ಪೈಪನ್ನು ನೆಲದಿಂದ ಮೇಲೆತ್ತಿ, ಲಾರಿ ದಾಟುವಷ್ಟು ಎತ್ತರದ ಕಂಬಗಳ ಮೇಲೆ ಹಾಕಿಸಿದೆ. 170 ಡಿಗ್ರಿ ಹಬೆ ಹೊಕ್ಕರೆ 60 ಮೀಟರ್ ಉಕ್ಕು ಸುಮಾರು 10 ಸೆಂಟಿಮೀಟರ್ ಉದ್ದವಾಗುತ್ತದೆ. ಆ ಹಿಗ್ಗಿಗೆ ಜಾಗ ಸಿಗಲೆಂದು ನಡುವೆ ಪೈಪನ್ನು ಬಾಗಿಸಿ ಲೂಪ್ ಕೊಟ್ಟೆ. ಹೊಸ ಹೊದಿಕೆಯ ಮೇಲೆ ಅಲ್ಯೂಮಿನಿಯಂ ತಗಡು ಸುತ್ತಿಸಿ, ಮಳೆನೀರು ಒಳಗಿಳಿಯದಂತೆ ತಗಡಿನ ಅಂಚುಗಳು ಕೂಡುವ ಬಾಯಿಗಳೆಲ್ಲ ಕೆಳಮುಖವಾಗಿರುವಂತೆ ನಿಂತು ಮಾಡಿಸಿದೆ. ಖರ್ಚಿನ ಬಗ್ಗೆ ಮಾಲೀಕರಿಂದ ಮಾತು ಕೇಳಬೇಕಾಯಿತು, ಕೇಳಿದೆ.

ಹಬೆ ಬಿಟ್ಟ ದಿನ ಸುರಿಯುವ ಮಳೆಯಲ್ಲಿ ಹಿರಿಯರ ಬಳಿ ಹೋಗಿ “ನನ್ನಿಂದ ತಪ್ಪಾಯಿತು” ಎಂದೆ. “ಮೊದಲು ಭತ್ತ ನೋಡೋಣ ಬನ್ನಿ” ಎಂದು ತೊಟ್ಟಿಯ ಕೆಳಗಿನಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದರು. ಬಿಸಿಗೆ ಕೈ ಸುಟ್ಟಿತು. ಪ್ರತಿ ಕಾಳಿನ ಸಿಪ್ಪೆಯೂ ಬಾಯಿ ಬಿಟ್ಟಿತ್ತು.