ಹನ್ನೊಂದು ಹೊಲಿಗೆ ಮಷಿನ್, ಒಂದು ಗೋಣಿಚೀಲ

26 ಆಗಸ್ಟ್ 2018, ಆದಿತ್ಯವಾರ

ಹಳೇ ಹೊಲಿಗೆ ಮಷಿನ್ ಬಿಚ್ಚಿ ಜೋಡಿಸುವುದು ನನ್ನ ಹುಚ್ಚು. ಇಷ್ಟು ವರ್ಷ ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗ ಆಗಿರಲಿಲ್ಲ. ಇವತ್ತು ಇಗರ್ಜಿಯಲ್ಲಿ (ಚರ್ಚಿನಲ್ಲಿ) ಪೂಜೆ ಮುಗಿಸಿ ಹೊರಗೆ ಬಂದಾಗ ಫಾದರ್ ಕರೆದು, "ನೀವು ಮಷಿನ್ ರಿಪೇರಿ ಮಾಡ್ತೀರಂತೆ, ಅಲ್ವಾ?" ಎಂದರು.

ವಿಷಯ ಇದು. ಸ್ವಾತಂತ್ರ್ಯ ದಿನದ ಹೊತ್ತಿಗೆ ಕೊಡಗಿನಲ್ಲಿ ಗುಡ್ಡಗಳು ಜರಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಇತ್ತ ನಮ್ಮ ಕಡೆಯ ಗಡಿಗೆ ಜೋಡುಪಾಲ. ಮಂಗಳೂರಿನ ಬೇರೆ ಇಗರ್ಜಿಗಳ ಹಾಗೆ ನಮ್ಮಲ್ಲೂ ಸಾಮಾನು ಸೇರಿಸಿದೆವು. ಅಕ್ಕಿ, ಚಾಪೆ, ಕಂಬಳಿ, ಪ್ಯಾಡ್ ಎಲ್ಲ ಎರಡೇ ದಿನದಲ್ಲಿ ಖಾಲಿಯಾಯಿತು. ಹಳೇ ಬಟ್ಟೆ ಮಾತ್ರ ಹಾಲ್‌ನಲ್ಲಿ ಎದೆಯೆತ್ತರ ಬಿದ್ದಿದೆ. ಅದರಲ್ಲಿ ಯಾರದ್ದೋ ಮದುವೆಯ ಕೋಟೂ ಇದೆ! ಸಂಪಾಜೆ ಕಡೆಯ ನಿರಾಶ್ರಿತರ ಕ್ಯಾಂಪಿಗೆ ಹೋಗಿ ಬಂದ ಯುವಕರು ಹೇಳಿದ್ದು ಒಂದೇ: ಇನ್ನು ಬಟ್ಟೆ ಕಳಿಸಬೇಡಿ. ಕೊಟ್ಟ ಚೂಡಿದಾರ್ ಯಾರ ಅಳತೆಗೂ ಆಗುತ್ತಿಲ್ಲ, ಹೆಂಗಸರು ಸೂಜಿ ನೂಲು ಕೇಳುತ್ತಿದ್ದಾರೆ, ಅವರಲ್ಲಿ ಮೂರು ನಾಲ್ಕು ಜನ ಮನೆಯಲ್ಲಿ ಟೈಲರಿಂಗ್ ಮಾಡಿಯೇ ಸಂಸಾರ ನಡೆಸಿದವರು, ಮಷಿನ್ ಮಣ್ಣಿನಡಿ ಹೋಗಿದೆ.

ಗುರಿಕಾರರು (ಇಗರ್ಜಿಯ ವಾರ್ಡುಗಳ ಮುಖಂಡರು) ವಾರ್ಡ್ ವಾರ್ಡಿಗೆ ಸುದ್ದಿ ಮುಟ್ಟಿಸಿದ್ದಾರೆ. ಮೂಲೆಯಲ್ಲಿ ಬಿದ್ದ ಮಷಿನ್ ಇದ್ದರೆ ಕೊಡಿ ಅಂತ.

2 ಸೆಪ್ಟೆಂಬರ್

ಹದಿನಾಲ್ಕು ಬಂದಿವೆ! ಹೆಚ್ಚಿನವು ಕಪ್ಪು ಬಣ್ಣದ ಉಷಾ, ಎರಡು ಮೆರಿಟ್, ಒಂದರ ಹೆಸರೇ ಅಳಿಸಿದೆ. ಒಂದು ಇಷ್ಟು ದಿನ ಟಿವಿ ಸ್ಟ್ಯಾಂಡ್ ಆಗಿತ್ತು. ಇನ್ನೊಂದರ ಮೇಲೆ ವರ್ಷಗಟ್ಟಲೆ ದೇವರ ಫೋಟೋ, ಮೇಣದಬತ್ತಿ. ಮೇಣ ಕರಗಿ ಎಣ್ಣೆ ಬಿಡುವ ತೂತುಗಳಿಗೆಲ್ಲ ಇಳಿದು ಕೂತಿದೆ. ಪಿನ್ನಿನಿಂದ ಕೆರೆದು ಕೆರೆದು ಬೆರಳು ನೋವು.

6 ಸೆಪ್ಟೆಂಬರ್

ಈ ಮಷಿನ್‌ಗಳಲ್ಲಿ ನಿಜವಾಗಿ ಹಾಳಾದದ್ದು ಕಡಿಮೆ. ಹದಿನಾಲ್ಕರಲ್ಲಿ ಒಂಬತ್ತಕ್ಕೆ ಬಂದ ರೋಗ ಒಂದೇ, ತೆಂಗಿನೆಣ್ಣೆ. ನಮ್ಮ ಊರಲ್ಲಿ ಬಾಗಿಲು ಕಿರುಗುಟ್ಟಿದರೂ ಅದೇ, ಮಷಿನ್ ಬಿಗಿಯಾದರೂ ಅದೇ. ಹಾಕಿದ ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಒಣಗಿ ಹಲಸಿನ ಮೇಣದ ಹಾಗೆ ಹಿಡಿದುಕೊಳ್ಳುತ್ತದೆ. ಮಡಿಕೇರಿಯ ಚಳಿಗಂತೂ ಕೇಳುವುದೇ ಬೇಡ, ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಅದು.

ನಾನು ಮಾಡುವುದು ಹೀಗೆ. ಮೊದಲು ಬೆಲ್ಟ್ ತೆಗೆದು, ಎಲ್ಲ ತೂತಿಗೂ ಸೀಮೆಎಣ್ಣೆ ಬಿಟ್ಟು, ಒಂದು ರಾತ್ರಿ ಹಾಗೇ ಇಡುವುದು. ಬೆಳಿಗ್ಗೆ ಕೈಚಕ್ರವನ್ನು ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಬೇಕು, ಜೋರು ಮಾಡಿದರೆ ಒಳಗೆ ಏನಾದರೂ ಮುರಿಯುತ್ತದೆ. ಆಮೇಲೆ ಶಟಲ್, ಅಂದರೆ ಸೂಜಿಯ ನೂಲನ್ನು ಕೆಳಗೆ ಹಿಡಿಯುವ ಭಾಗ, ಬಿಚ್ಚುವುದು. ಅಲ್ಲಿ ಇಪ್ಪತ್ತು ವರ್ಷದ ನೂಲು, ಧೂಳು, ಮುರಿದ ಸೂಜಿಯ ತುದಿ, ಒಂದರಲ್ಲಿ ಸತ್ತ ಜಿರಳೆ. ಬಟ್ಟೆ ಎಳೆಯುವ ಹಲ್ಲಿನ ಸಂದಿಯನ್ನು ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ಸೀಮೆಎಣ್ಣೆ ಪೂರ್ತಿ ಒರೆಸಿದ ಮೇಲೇ ಮಷಿನ್ ಎಣ್ಣೆ. ಹೊಲಿಗೆ ತಪ್ಪಿ ತಪ್ಪಿ ಬಿದ್ದರೆ ಅರ್ಧ ಸಲ ಸೂಜಿಯನ್ನು ತಿರುಗಿಸಿ ಹಾಕಿರುತ್ತಾರೆ, ಅಷ್ಟೇ. ಇನ್ನರ್ಧ ಸಲ ಸೂಜಿ ಹಿಡಿಯುವ ಸರಳು ಕೂದಲೆಳೆಯಷ್ಟು ಕೆಳಗೆ ಮೇಲೆ ಆಗಿರುತ್ತದೆ, ಶಟಲ್‌ನ ಮೂತಿಗೆ ನೂಲು ಸಿಗುವುದಿಲ್ಲ. ಇದನ್ನು ಸರಿ ಮಾಡಲು ನನಗೆ ಒಂದಕ್ಕೆ ಎರಡು ಗಂಟೆ ಬೇಕು, ಕಸಬಿನವರು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಇರಲಿ.

8 ಸೆಪ್ಟೆಂಬರ್

ಮೊಂತಿ ಫೆಸ್ತ್ (ಮೇರಿ ಮಾತೆಯ ಹುಟ್ಟುಹಬ್ಬ, ನಮ್ಮ ತೆನೆ ಹಬ್ಬ), ಕೆಲಸ ಇಲ್ಲ. ಮಕ್ಕಳ ಹೂವು, ತೆನೆ, ಮನೆಯಲ್ಲಿ ಹೊಸ ಅಕ್ಕಿ ಊಟ. ಇಗರ್ಜಿಯಲ್ಲಿ ಈ ಸಲ ಕಬ್ಬು ಮಾತ್ರ ಹಂಚಿದರು, ಉಳಿದ ದುಡ್ಡು ಬೆಲ್ಟು, ಬಾಬಿನ್ ಕೇಸು (ಕೆಳಗಿನ ನೂಲಿನ ಉರುಳೆ ಕೂರುವ ಡಬ್ಬಿ), ಮರದ ಹಲಗೆಗೆ. ಬ್ಯಾನರ್ ಮಾಡಿಸೋಣ ಎಂದವರಿಗೆ ಫಾದರ್, "ಆ ದುಡ್ಡಿಗೆ ಎಷ್ಟು ಬೆಲ್ಟ್ ಬರುತ್ತೆ ಕೇಳಿ ಬನ್ನಿ" ಎಂದರು. ಬ್ಯಾನರ್ ಮಾತು ಅಲ್ಲಿಗೇ ನಿಂತಿತು.

16 ಸೆಪ್ಟೆಂಬರ್

ಹನ್ನೊಂದು ತಯಾರು. ಮೂರನ್ನು ಬಿಡಿಭಾಗಕ್ಕೆ ಬಲಿ ಕೊಟ್ಟೆ. ಸ್ತ್ರೀ ಸಂಘಟನೆಯ ಬಾಯಿಯೊಬ್ಬರು (ಹೆಂಗಸರನ್ನು ನಾವು ಗೌರವದಿಂದ ಹೀಗೆ ಕರೆಯುವುದು) ಒಂದೊಂದರಲ್ಲೂ ದಿಂಬಿನ ಕವರ್ ಹೊಲಿದು ನೋಡಿದರು. ನಾನು ಪಾಸ್ ಮಾಡಿದ ಎರಡನ್ನು ಅವರು ಫೇಲ್ ಮಾಡಿದರು. "ಕೆಳಗಿನ ನೂಲು ಸಡಿಲ, ಇದನ್ನು ಕೊಟ್ಟರೆ ಬೈಗುಳ ನನಗೆ ಬರ್ತದೆ" ಎಂದು ಕನ್ನಡಕದ ಮೇಲಿಂದ ನೋಡಿದರು. ಮತ್ತೆ ಬಿಚ್ಚಿದೆ.

23 ಸೆಪ್ಟೆಂಬರ್

ಮಡಿಕೇರಿಗೆ ನೇರ ಹೋಗುವ ಸಂಪಾಜೆ ದಾರಿಯನ್ನು, ಗುಡ್ಡ ಜರಿದ ಮೇಲೆ, ಸಾಮಾನು ಗಾಡಿಗೆ ನಂಬುವ ಹಾಗಿಲ್ಲ. ಹಾಗಾಗಿ ಸುಳ್ಯದಿಂದ ಪಾಣತ್ತೂರು, ಕರಿಕೆ, ಭಾಗಮಂಡಲ ಸುತ್ತಿ ಪಿಕಪ್‌ನಲ್ಲಿ ಹೋದೆವು. ಅಂದರೆ ಕರ್ನಾಟಕದಿಂದ ಕರ್ನಾಟಕಕ್ಕೆ ಹೋಗಲು ಕೇರಳಕ್ಕೆ ಒಂದು ಸುತ್ತು. ಕರಿಕೆ ದಾಟಿದ ಮೇಲೆ ತಿರುವು ತಿರುವಿಗೂ ಕಬ್ಬಿಣದ ಸ್ಟ್ಯಾಂಡುಗಳು ಒಂದಕ್ಕೊಂದು ಬಡಿದು, ಹಿಂದೆ ಕೂತವರು ಮಷಿನ್ ತಲೆಗಳನ್ನು ಮಕ್ಕಳ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಬಂದರು. ಸುಮ್ನೆ ಹೇಳ್ತಿಲ್ಲ, ಒಂದೊಂದು ಕಲ್ಲಿನ ಭಾರ.

ಮಡಿಕೇರಿ ಮೈಸೂರು ಧರ್ಮಪ್ರಾಂತ್ಯಕ್ಕೆ (ಅಲ್ಲಿನ ಬಿಷಪರ ವ್ಯಾಪ್ತಿಗೆ) ಸೇರಿದ್ದು, ನಾವು ಮಂಗಳೂರಿನವರು. ಯಾರಿಗೆ ಕೊಡಬೇಕು ಎಂಬ ಪಟ್ಟಿ ಅಲ್ಲಿನ ಚರ್ಚಿನವರದ್ದೇ. ಮೊದಲೇ ಹೊಲಿಯುತ್ತಿದ್ದವರು, ಈಗ ಬಾಡಿಗೆ ಮನೆಯಲ್ಲೋ ನೆಂಟರ ಮನೆಯಲ್ಲೋ ಇರುವವರು. ಪಟ್ಟಿಯಲ್ಲಿ ಕ್ರೈಸ್ತರು ಇಬ್ಬರೇ. ನಮ್ಮಲ್ಲೊಬ್ಬರು ಅದನ್ನು ಕೇಳಲು ಬಾಯಿ ತೆರೆದರು, ಪಕ್ಕದವರು ಕಾಲು ತುಳಿದರು.

ಹನ್ನೊಂದೂ ಹೋದವು. ಕೊನೆಗೆ ಹಟ್ಟಿಹೊಳೆ ಕಡೆಯ ಅಕ್ಕ ಒಬ್ಬರು ಗೋಣಿಚೀಲ ಎಳೆದುಕೊಂಡು ಬಂದರು. ಒಳಗೆ ಅವರ ಮಷಿನ್ ತಲೆ, ಕೆಂಪು ಮಣ್ಣಿನ ಮುದ್ದೆ. ಪಟ್ಟಿಯಲ್ಲಿ ಅವರ ಹೆಸರಿತ್ತು, ಆದರೆ ತಮ್ಮ ಪಾಲಿನದನ್ನು ಬೇರೆ ಹುಡುಗಿಗೆ ಬಿಟ್ಟುಕೊಟ್ಟಿದ್ದರು. "ನನಗೆ ಇದೇ ಆಗ್ಬೇಕು ಅಣ್ಣಾ, ಇದರ ಕೈ ನನಗೆ ಗೊತ್ತು" ಎಂದರು. ಮನೆ ಹೋದ ವಿಷಯ ಹೆಚ್ಚು ಮಾತಾಡಲಿಲ್ಲ. ಮದುವೆಗೆಂದು ಗಿರಾಕಿಗಳು ಹೊಲಿಯಲು ಕೊಟ್ಟಿದ್ದ ನಾಲ್ಕು ಬ್ಲೌಸ್ ಪೀಸ್ ಮಣ್ಣಲ್ಲಿ ಹೋದದ್ದನ್ನೇ ಮೂರು ಸಲ ಹೇಳಿದರು. ಅಳತೆ ಪುಸ್ತಕವೂ ಹೋಯಿತಂತೆ.

14 ಅಕ್ಟೋಬರ್

ಗೋಣಿಚೀಲದ ಮಷಿನ್ ನನ್ನನ್ನು ಸೋಲಿಸುತ್ತಿದೆ. ಆ ಮಣ್ಣು ಒಣಗಿದರೆ ಸಿಮೆಂಟು. ನೀರಲ್ಲಿ ನೆನೆಸಿದರೆ ತುಕ್ಕು ಜಾಸ್ತಿ. ಹಾಗಾಗಿ ಡೀಸೆಲ್ ಮತ್ತು ಸೀಮೆಎಣ್ಣೆ ಬೆರೆಸಿ ಬಕೆಟಿನಲ್ಲಿ ಆರು ದಿನ ಮುಳುಗಿಸಿಟ್ಟೆ. ಹೆಂಡತಿ ಬಾಲ್ಕನಿಗೆ ಬರುವುದನ್ನೇ ಬಿಟ್ಟಿದ್ದಾಳೆ. ನಿನ್ನೆ ಕೈಚಕ್ರ ಕಾಲಿಂಚು ಅಲ್ಲಾಡಿತು. ರಾತ್ರಿ ಎದ್ದು ಹೋಗಿ ಮತ್ತೊಮ್ಮೆ ಅಲ್ಲಾಡಿಸಿ ನೋಡಿದೆ.

4 ನವೆಂಬರ್

ಓಡಿತು! ಶಟಲ್, ಟೆನ್ಷನ್ ಸ್ಪ್ರಿಂಗ್, ಬಾಬಿನ್ ಕೇಸ್ ಬಲಿ ಕೊಟ್ಟವುಗಳದ್ದು, ಉಳಿದದ್ದೆಲ್ಲ ಅವರದ್ದೇ. ಪಾಲಿಶ್ ಮಾಡಲಿಲ್ಲ, ಕಪ್ಪು ಬಣ್ಣ ಎದ್ದ ಕಡೆ ಹಾಗೇ ಬಿಟ್ಟೆ. ಅದೇ ಬಾಯಿ ಇದರಲ್ಲೂ ದಿಂಬಿನ ಕವರ್ ಹೊಲಿದರು, ಪಾಸ್. ಜೊತೆಗೆ ಒಂದು ಟೇಪು, ಒಂದು ಗೆರೆ ಎಳೆದ ದಪ್ಪ ನೋಟ್‌ಬುಕ್ಕು ಇಟ್ಟರು. ನನಗೆ ಹೊಳೆದಿರಲಿಲ್ಲ.

18 ನವೆಂಬರ್

ಈ ಸಲ ಸಂಪಾಜೆ ದಾರಿಯಲ್ಲೇ ಹೋಗಿ ಕೊಟ್ಟು ಬಂದೆ. ಜೋಡುಪಾಲದ ಹತ್ತಿರ ಗುಡ್ಡ ಇನ್ನೂ ಕೆಂಪಗೆ ಬೋಳು. ಅಕ್ಕ ಕೈಚಕ್ರ ಒಂದು ಸುತ್ತು ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ, ಕಾಫಿ ಮಾಡಲು ಒಳಗೆ ಹೋದರು.

2 ಡಿಸೆಂಬರ್

ಬೆಳಿಗ್ಗೆ ಅಕ್ಕನ ಫೋನ್. ಬಾಬಿನ್ ಸುತ್ತುವ ಕಡೆಯ ರಬ್ಬರ್ ಜಾರುತ್ತಿದೆ, ನೂಲು ಸರಿಯಾಗಿ ಸುತ್ತುವುದಿಲ್ಲ, ಕ್ರಿಸ್ಮಸ್‌ಗೆ ಒಂಬತ್ತು ಬ್ಲೌಸ್ ಒಪ್ಪಿಕೊಂಡಿದ್ದೇನೆ, ಇಷ್ಟು ದಿನ ಇಟ್ಟುಕೊಂಡು ಇದನ್ನು ನೋಡಲಿಲ್ವಾ ಎಂದು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ತಪ್ಪು ನನ್ನದೇ, ಆ ರಬ್ಬರ್ ನೋಡಿಯೇ ಇರಲಿಲ್ಲ. ಎರಡು ರಿಂಗ್ ಕವರಿಗೆ ಹಾಕಿ ಮಡಿಕೇರಿ ಬಸ್ಸಿನಲ್ಲಿ ಕಳಿಸಿದ್ದೇನೆ.